ಮನೆ ಫೋಟೋ, ವಿಡಿಯೊ ಪೂರ್ತಿ ಕ್ಲೌಡ್‌ಗೆ ಹಾಕಿ ಹಳೇ ಡಿಸ್ಕ್ ಎಸೆಯಬಹುದಾ? (ಹಾಸನ / ಚಿಕ್ಕಮಗಳೂರು)

ಹೇಮಾವತಿ_ದಂಡೆ (ಹಾಸನ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಗಳು ಬೇರೆ ಬೇರೆಯಾಗಿ ಬಹಳ ಕಾಲವಾಯ್ತು, ಫೋಟೋ ಮಾತ್ರ ಇನ್ನೂ ಪಾಲಾಗಿಲ್ಲ. ತಾತನ ಕಾಲದ ಆಲ್ಬಮ್ ಸ್ಕ್ಯಾನ್ ಮಾಡಿಸಿದ್ದು, ಮೂರು ಮದುವೆಯ ವಿಡಿಯೊ, 2006ರ ಮಹಾಮಸ್ತಕಾಭಿಷೇಕಕ್ಕೆ ಶ್ರವಣಬೆಳಗೊಳಕ್ಕೆ ಹೋದಾಗ ದೊಡ್ಡಪ್ಪ ಹ್ಯಾಂಡಿಕ್ಯಾಮ್‌ನಲ್ಲಿ ತೆಗೆದ ಮಿನಿ ಡಿವಿ ಕ್ಯಾಸೆಟ್‌ಗಳು (ಈಗ ಫೈಲ್ ಆಗಿವೆ), 2018ರ ಅಭಿಷೇಕದ್ದು ಮೊಬೈಲ್‌ನಲ್ಲಿ ತೆಗೆದದ್ದು, ಆಮೇಲೆ ಮಕ್ಕಳದ್ದು. ಎಲ್ಲ ಸೇರಿ 300 ಜಿಬಿ ಆಸುಪಾಸು. ಎರಡು ಹಳೇ ಹಾರ್ಡ್ ಡಿಸ್ಕ್‌ನಲ್ಲಿದೆ, ಒಂದು ಆಗಲೇ ಕಟ್ ಕಟ್ ಅಂತ ಸದ್ದು ಮಾಡ್ತಿದೆ.

ದೊಡ್ಡಪ್ಪನ ಮಗ ಬೆಂಗಳೂರಲ್ಲಿರೋನು. ಅವನ ಹೆಸರಲ್ಲೇ ಒಂದು ಅಕೌಂಟ್ ಮಾಡಿ, ಅವನ ಕಾರ್ಡಿಂದ ವರ್ಷದ ದುಡ್ಡು ಕಟ್ಟಿ, ಎಲ್ಲಾ ಮೇಲೆ (ಕ್ಲೌಡ್‌ಗೆ, ಅಂದ್ರೆ ಇಂಟರ್ನೆಟ್ ಮೂಲಕ ಕಂಪನಿಯ ಕಂಪ್ಯೂಟರಿಗೆ) ಹಾಕಿಬಿಡೋಣ, ಡಿಸ್ಕ್ ಗುಜರಿಗೆ ಕೊಡಿ ಅಂತಾನೆ. ಅಮ್ಮನಿಗೆ ಬೇಕಾಗಿರೋದು ಟಿವಿಯಲ್ಲಿ ಕಾಣಬೇಕು ಅಷ್ಟೆ. ನನಗೆ ಯಾಕೋ ಮನಸ್ಸು ಒಪ್ತಿಲ್ಲ, ಆದರೆ ಸರಿಯಾದ ಕಾರಣ ಹೇಳೋಕೂ ಬರ್ತಿಲ್ಲ. ಅನುಭವ ಇದ್ದವರು ಹೇಳಿ.

ಸುಮ್ನಿರಪ್ಪ (ಹಾಸನ)

ಹಾಕ್ಬಿಡು ಗುರು. ಅಷ್ಟು ದೊಡ್ಡ ಕಂಪನಿ ಕಳೆದುಹಾಕಲ್ಲ, ನಿನ್ನ ಕಟ್ ಕಟ್ ಡಿಸ್ಕ್ ಕಳೆದುಹಾಕುತ್ತೆ.

ಬಿಎಂರೋಡ್_ಸ್ಟುಡಿಯೋ (ಹಾಸನ)

ಸುಮ್ನಿರಪ್ಪ ಹೇಳಿದ್ದರಲ್ಲಿ ಎರಡನೇ ಅರ್ಧ ಸರಿ. ಸದ್ದು ಮಾಡ್ತಿರೋ ಡಿಸ್ಕ್‌ನ ಮೊದಲು ಇನ್ನೊಂದಕ್ಕೆ ಕಾಪಿ ಮಾಡಿ, ಈ ಚರ್ಚೆ ಆಮೇಲೆ ಓದಿ. ತಮಾಷೆ ಅಲ್ಲ. ಪದೇ ಪದೇ ಆನ್ ಆಫ್ ಮಾಡಬೇಡಿ, ಒಂದೇ ಸಲ ಹಾಕಿ ಮುಖ್ಯವಾದ ಫೋಲ್ಡರ್ ಮೊದಲು ಎಳ್ಕೊಳ್ಳಿ.

ಇನ್ನು ಮೊದಲ ಅರ್ಧ. ಕ್ಯಾಸೆಟ್ ಕಾಲದಿಂದ ಮದುವೆ ಕೆಲಸ ಮಾಡ್ತಿರೋನು ನಾನು. ಮೊದಲು ವಿಎಚ್‌ಎಸ್ ಕೊಡ್ತಿದ್ವಿ, ಆಮೇಲೆ ಡಿವಿಡಿ, ಆಮೇಲೆ ಪೆನ್‌ಡ್ರೈವ್. ಈಗ ಗಿರಾಕಿಗಳೇ ಕೇಳ್ತಾರೆ, "ಸಾರ್, ಲಿಂಕ್ ಕಳಿಸಿ ಸಾಕು". ಕಳಿಸ್ತೀವಿ. ಆ ಲಿಂಕ್ ಇಡೀ ನೆಂಟರ ಗ್ರೂಪಿಗೆ ಹೋಗುತ್ತೆ, ಎಲ್ಲರೂ ಒಂದ್ಸಲ ನೋಡ್ತಾರೆ, ಸ್ಕ್ರೀನ್‌ಶಾಟ್ ತೆಗೆದು ಸ್ಟೇಟಸ್ ಹಾಕ್ತಾರೆ, ಒಬ್ಬರೂ ಡೌನ್‌ಲೋಡ್ ಮಾಡಲ್ಲ. ಲಿಂಕ್ ಇಷ್ಟು ತಿಂಗಳು ಮಾತ್ರ ಅಂತ ಬಿಲ್ಲಲ್ಲೇ ಅಚ್ಚಾಗಿರುತ್ತೆ. ವರ್ಷಗಳಾದ ಮೇಲೆ ಬರ್ತಾರೆ: "ಅಪ್ಪ ತೀರ್ಕೊಂಡ್ರು, ಧಾರೆ ಎರೆಯೋ ವಿಡಿಯೊ ಒಂದು ಬೇಕಿತ್ತು". ಆಗ ನಮ್ಮ ಸ್ಟುಡಿಯೋದಲ್ಲಿ ಯಾವ ಡಿಸ್ಕ್‌ನಲ್ಲಿ ಉಳಿದಿದೆಯೋ ಅದೃಷ್ಟ. ವಿಎಚ್‌ಎಸ್ ತಗೊಂಡವರು ಇವತ್ತಿಗೂ ಬಂದು ಕನ್ವರ್ಟ್ ಮಾಡಿಸ್ಕೊಂಡು ಹೋಗ್ತಾರೆ ನೋಡಿ. ಯಾಕಂದ್ರೆ ಕ್ಯಾಸೆಟ್ ಬೀರುವಿನಲ್ಲಿತ್ತು, ಕಣ್ಣಿಗೆ ಬೀಳ್ತಿತ್ತು.

ಇನ್ನೊಂದು ಗುಣಮಟ್ಟ. ಗೂಗಲ್ ಫೋಟೋಸ್ 2015ರಲ್ಲಿ ಬಂದಾಗ ಎಷ್ಟು ಬೇಕಾದರೂ ಉಚಿತ ಅಂದ್ರು. ಆದರೆ ಆ ಉಚಿತದಲ್ಲಿ ಫೋಟೋ 16 ಮೆಗಾಪಿಕ್ಸೆಲ್‌ಗೆ, ವಿಡಿಯೊ 1080ಪಿಗೆ ಇಳಿತಿತ್ತು, ಅದರ ಮೇಲೆ ಕಂಪ್ರೆಶನ್, ಅಂದ್ರೆ ಫೈಲನ್ನ ಕುಗ್ಗಿಸೋದು. ಮೊಬೈಲಲ್ಲಿ ನೋಡಿದ್ರೆ ಗೊತ್ತಾಗಲ್ಲ. ನನ್ನ ಹತ್ರ ದೊಡ್ಡ ಫ್ರೇಮ್ ಹಾಕಿಸೋಕೆ ಬಂದಾಗ ಗೊತ್ತಾಗುತ್ತೆ. ಒರಿಜಿನಲ್ ಕೊಡಿ ಅಂದ್ರೆ "ಅದನ್ನ ಆಗಲೇ ಡಿಲೀಟ್ ಮಾಡಿದ್ವಿ, ಮೇಲಿದೆಯಲ್ಲ" ಅಂತಾರೆ. 2021ರ ಜೂನ್ 1ಕ್ಕೆ ಆ ಉಚಿತವೂ ನಿಂತು, ಅಲ್ಲಿಂದಾಚೆ ಹೊಸದಾಗಿ ಹಾಕಿದ್ದೆಲ್ಲ 15 ಜಿಬಿ ಲೆಕ್ಕಕ್ಕೆ ಬಂತು. ಜಿಮೇಲ್, ಡ್ರೈವ್, ಫೋಟೋಸ್ ಮೂರಕ್ಕೂ ಸೇರಿ 15.

ನಿಮ್ಮ ದೊಡ್ಡಪ್ಪನ ಮಿನಿ ಡಿವಿ ಇದೆಯಲ್ಲ, ಒಂದು ಗಂಟೆಯ ಕ್ಯಾಸೆಟ್ ಹಾಗೇ ಇಳಿಸಿದರೆ 13 ಜಿಬಿ ಹತ್ತಿರ. ಅಂದ್ರೆ ಉಚಿತ ಜಾಗದಲ್ಲಿ ಅಭಿಷೇಕದ ಒಂದು ಕ್ಯಾಸೆಟ್ ಹಿಡಿಯುತ್ತೆ, ಅಷ್ಟೆ.

ಟೀಚರಮ್ಮ (ಅರಸೀಕೆರೆ)

ಆ 15 ಜಿಬಿ ತುಂಬಿದರೆ ಫೋಟೋ ಮಾತ್ರ ನಿಲ್ಲಲ್ಲ, ಮೇಲ್ ಬರೋದೂ ನಿಲ್ಲುತ್ತೆ. ನಮ್ಮ ಶಾಲೆಯಲ್ಲಿ ಒಬ್ಬರಿಗೆ ಇಲಾಖೆಯ ಮೇಲ್ ವಾಪಸ್ ಹೋಗ್ತಿತ್ತು, ಕಾರಣ ನೋಡಿದರೆ ಮೊಮ್ಮಗನ ವಿಡಿಯೊ. 2024ರಿಂದ ಆಂಡ್ರಾಯ್ಡ್ ಫೋನಿನ ವಾಟ್ಸಾಪ್ ಬ್ಯಾಕಪ್ ಕೂಡ ಅದೇ ಲೆಕ್ಕಕ್ಕೆ ಸೇರಿಕೊಂಡಿದೆ. ಗುಡ್ ಮಾರ್ನಿಂಗ್ ಹೂವಿನ ಚಿತ್ರಗಳೂ ಅದರೊಳಗೇ.

ರತ್ನಗಿರಿಬೋರೆ (ಚಿಕ್ಕಮಗಳೂರು, ಸದ್ಯ ಬೆಂಗಳೂರು)

ನಾನು ಇದೇ ಕೆಲಸದಲ್ಲಿರೋನು, ಸರ್ವರ್, ಸ್ಟೋರೇಜ್. ಹಾಗಾಗಿ ಸ್ವಲ್ಪ ಉದ್ದ ಬರೀತೀನಿ, ಸಹಿಸಿಕೊಳ್ಳಿ.

ಜನ ಕ್ಲೌಡ್ ಅಂದ ತಕ್ಷಣ ಬ್ಯಾಕಪ್ ಅಂದ್ಕೋತಾರೆ. ಫೋನಿನಲ್ಲಿರೋ ಫೋಟೋ ಆಪ್‌ಗಳು ಮಾಡೋದು ಸಿಂಕ್. ಇಲ್ಲಿ ಏನಾಗುತ್ತೋ ಅಲ್ಲೂ ಅದೇ ಆಗುತ್ತೆ. ಐಕ್ಲೌಡ್ ಫೋಟೋಸ್ ಆನ್ ಇರೋ ಐಫೋನಲ್ಲಿ ಮಗು ಆಟ ಆಡ್ತಾ ನೂರು ಫೋಟೋ ಡಿಲೀಟ್ ಮಾಡಿದರೆ, ಐಪ್ಯಾಡಲ್ಲೂ ಹೋಯ್ತು, ಲ್ಯಾಪ್‌ಟಾಪಲ್ಲೂ ಹೋಯ್ತು. ಡಿಲೀಟ್ ಆದದ್ದರ ಫೋಲ್ಡರಲ್ಲಿ 30 ದಿನ ಇರುತ್ತೆ, ಗೂಗಲ್‌ನಲ್ಲಿ ಮೇಲೆ ಹೋಗಿರೋ ಫೋಟೋ ಆದರೆ 60 ದಿನ. ಅಷ್ಟರೊಳಗೆ ಯಾರಾದರೂ ಗಮನಿಸಬೇಕು. ಹಬ್ಬಕ್ಕೊಮ್ಮೆ ಆಲ್ಬಮ್ ತೆಗೆಯೋ ಮನೆಯಲ್ಲಿ ಯಾರು ಗಮನಿಸ್ತಾರೆ?

ಬ್ಯಾಕಪ್ ಅಂದರೆ ಒಂದು ಕಡೆ ಹಾಳಾದದ್ದು ಇನ್ನೊಂದು ಕಡೆಗೆ ತಾನಾಗಿ ಹೋಗಬಾರದು. ಕೇಬಲ್ ಕಿತ್ತು ಬೀರುವಿನಲ್ಲಿಟ್ಟ ಡಿಸ್ಕ್‌ಗೆ ಆ ಗುಣ ಇದೆ, ಸಿಂಕ್‌ಗೆ ಇಲ್ಲ.

"ದೊಡ್ಡ ಕಂಪನಿ ಕಳೆದುಹಾಕಲ್ಲ" ಅನ್ನೋ ಮಾತಿಗೆ. ಬಹುಮಟ್ಟಿಗೆ ನಿಜ, ನಮ್ಮ ಮನೆಗಿಂತ ಸಾವಿರ ಪಾಲು ಚೆನ್ನಾಗಿ ಇಟ್ಟುಕೊಳ್ತಾರೆ. ಆದರೂ:

ಮೈಸ್ಪೇಸ್ ಅನ್ನೋ ಹಳೇ ಸೋಶಿಯಲ್ ಸೈಟು 2019ರಲ್ಲಿ ಒಪ್ಪಿಕೊಂಡಿತು, ಸರ್ವರ್ ಬದಲಾಯಿಸುವಾಗ 2016ಕ್ಕಿಂತ ಹಿಂದೆ ಜನ ಹಾಕಿದ್ದ ಹಾಡು, ಫೋಟೋ, ವಿಡಿಯೊ ಹೋಯ್ತು ಅಂತ. 5 ಕೋಟಿಗೂ ಹೆಚ್ಚು ಹಾಡು. 2020ರಲ್ಲಿ ಕ್ಯಾನನ್‌ನ ಕ್ಲೌಡ್‌ನಲ್ಲಿ ಗ್ರಾಹಕರ ಕೆಲವು ಮೂಲ ಫೋಟೋಗಳು ಹೋದವು, ಉಳಿದದ್ದು ಸಣ್ಣ ಥಂಬ್‌ನೇಲ್. 2021ರ ಮಾರ್ಚ್‌ನಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರ್ ಕಟ್ಟಡವೇ ಸುಟ್ಟಿತು. 2025ರ ಸೆಪ್ಟೆಂಬರ್‌ನಲ್ಲಿ ದಕ್ಷಿಣ ಕೊರಿಯಾದ ಡೇಜಾನ್‌ನಲ್ಲಿ ಸರ್ಕಾರದ್ದೇ ಡೇಟಾ ಸೆಂಟರ್‌ಗೆ ಬೆಂಕಿ ಬಿದ್ದು, ನೌಕರರು ಕಡತ ಇಡ್ತಿದ್ದ ಜಿ-ಡ್ರೈವ್‌ನ 858 ಟಿಬಿ (1 ಟಿಬಿ ಅಂದ್ರೆ ಸುಮಾರು 1,000 ಜಿಬಿ) ಬೂದಿಯಾಯ್ತು. ಅಷ್ಟು ದೊಡ್ಡದಕ್ಕೆ ಬೇರೆ ಕಡೆ ಬ್ಯಾಕಪ್ ಇಟ್ಟಿರಲಿಲ್ಲ. ಸರ್ಕಾರದ್ದೇ ಹೀಗೆ.

2024ರ ಮೇನಲ್ಲಿ ಆಸ್ಟ್ರೇಲಿಯಾದ ಯೂನಿಸೂಪರ್ ಅನ್ನೋ ಪಿಂಚಣಿ ನಿಧಿ ಗೂಗಲ್‌ನಲ್ಲಿ ತಗೊಂಡಿದ್ದ ಪ್ರೈವೇಟ್ ಕ್ಲೌಡ್ ಗೂಗಲ್ ಕಡೆಯ ಒಂದು ತಪ್ಪು ಸೆಟ್ಟಿಂಗ್‌ನಿಂದ ಅಳಿಸಿಹೋಯ್ತು. ಎರಡು ಕಡೆ ಇಟ್ಟಿದ್ದ ಪ್ರತಿ ಎರಡೂ ಹೋದವು, ಯಾಕೆಂದರೆ ಎರಡೂ ಒಂದೇ ಚಂದಾದ ಕೆಳಗಿದ್ದವು. ಮತ್ತೆ ಕಟ್ಟಿಕೊಳ್ಳೋಕೆ ನೆರವಾದದ್ದು ಬೇರೆಯಾಗಿ, ಇನ್ನೊಂದು ಕಂಪನಿಯಲ್ಲೂ ಇಟ್ಟಿದ್ದ ಬ್ಯಾಕಪ್. ಹೇಮಾವತಿ ಅವರೇ, ನಿಮ್ಮ ಅಣ್ಣನಿಗೆ ಈ ಒಂದು ಪ್ರಸಂಗ ಹೇಳಿ, ಸಾಕು.

ಚಾರ್ಮಾಡಿ_ಮೋಡ (ಮೂಡಿಗೆರೆ)

ಬೋರೆ ಸಾರ್, ನಿಮ್ಮ ಬೆಂಗಳೂರಿನ ಲೆಕ್ಕ ಸರಿ. ನಮ್ಮ ಕಡೆ ಮೊದಲ ಪ್ರಶ್ನೆ ಮೇಲೆ ಹೋಗೋದು ಹೇಗೆ ಅನ್ನೋದು.

300 ಜಿಬಿ. ಅಪ್‌ಲೋಡ್ ಸ್ಪೀಡ್ 10 ಎಂಬಿಪಿಎಸ್ (ಸೆಕೆಂಡಿಗೆ 10 ಮೆಗಾಬಿಟ್) ಸಿಕ್ಕರೆ 67 ಗಂಟೆ. ನಮ್ಮ ತೋಟದ ಮನೆಯಲ್ಲಿ ಟವರ್ ಕಡೆ ಫೋನ್ ಕಿಟಕಿಗೆ ಆನಿಸಿಟ್ಟರೆ 2 ಸಿಗುತ್ತೆ, ಅದೂ ಮೋಡ ಇಲ್ಲದಾಗ. 2ರಲ್ಲಿ ಹದಿನಾಲ್ಕು ದಿನ, ಹಗಲು ರಾತ್ರಿ, ಒಂದು ನಿಮಿಷವೂ ಕರೆಂಟ್ ಹೋಗದೆ. ಮೂಡಿಗೆರೆಯಲ್ಲಿ ಹದಿನಾಲ್ಕು ದಿನ ಕರೆಂಟ್ ಹೋಗದೆ ಇದ್ದದ್ದು ಯಾರಾದರೂ ನೋಡಿದ್ದರೆ ಹೇಳಿ, ಸನ್ಮಾನ ಮಾಡೋಣ. ಆಷಾಢದಲ್ಲಿ ಒಂದು ಸಿಲ್ವರ್ ಓಕ್ ತಂತಿ ಮೇಲೆ ಬಿದ್ದರೆ ಕರೆಂಟೂ ಹೋಯ್ತು, ಅದೇ ಕಂಬದಲ್ಲಿ ಬಂದ ಫೈಬರೂ ಹೋಯ್ತು. ಲೈನ್‌ಮನ್ ಬರೋದು ಮಳೆ ಬಿಟ್ಟಾಗ.

ಮೇಲೆ ಹೋದದ್ದು ಕೆಳಗೆ ಬರೋದೂ ಅದೇ ಪೈಪಲ್ಲಿ ತಾನೆ. ನೆಂಟರು ಬಂದಾಗ ಅಜ್ಜಿಯ ಫೋಟೋ ತೋರಿಸೋಣ ಅಂದ್ರೆ ಸುತ್ತುತ್ತಾ ಕೂತಿರುತ್ತೆ.

ಇಷ್ಟೆಲ್ಲ ಬೈದು ಈಗ ಉಲ್ಟಾ ಮಾತು ಹೇಳ್ತೀನಿ. 2019ರ ಆಗಸ್ಟ್‌ನಲ್ಲಿ ನಮ್ಮ ತಾಲ್ಲೂಕಲ್ಲಿ ಗುಡ್ಡ ಜಾರಿದ್ದು ನಿಮಗೆಲ್ಲ ನೆನಪಿರಬೇಕು. ಮಲೆಮನೆ ಕಡೆ ಊರೇ ಬಿಟ್ಟು ಬಂದರು. ಉಟ್ಟ ಬಟ್ಟೆಯಲ್ಲಿ ಬಂದವರಿಗೆ ಆಲ್ಬಮ್ ಎಲ್ಲಿಂದ ತರೋದು? ನಮ್ಮ ಪರಿಚಯದ ಒಂದು ಮನೆಯಲ್ಲಿ ಮಣ್ಣು ನುಗ್ಗಿ ಟ್ರಂಕೇ ಹೋಯ್ತು. ಉಳಿದದ್ದು ಮಂಗಳೂರಲ್ಲಿ ಓದ್ತಿದ್ದ ಮಗಳ ಫೋನಿಂದ ಮೇಲೆ ಹೋಗಿದ್ದಷ್ಟೇ. ಹಾಗಾಗಿ ಕ್ಲೌಡ್ ಬೇಡವೇ ಬೇಡ ಅನ್ನೋರ ಜೊತೆ ನಾನಿಲ್ಲ. ಮನೆಯಲ್ಲೊಂದೇ ಇಡೋನು, ಮೇಲೊಂದೇ ಇಡೋನು, ಇಬ್ಬರ ಅವಸ್ಥೆಯೂ ಒಂದೇ.

ಕೊಪ್ಪದ_ಕಡೆ (ಕೊಪ್ಪ)

ಮಾರಾಯ್ರೆ, ನಮ್ಮಲ್ಲಿ ಮಳೆಗಾಲಕ್ಕೆ ಬೆಲ್ಟು, ಚಪ್ಪಲಿ, ಪುಸ್ತಕ ಎಲ್ಲ ಬೂಷ್ಟು. ಕ್ಯಾಮೆರಾ ಲೆನ್ಸ್ ಒಳಗೆ ಜೇಡನ ಬಲೆ ಹಾಗೆ ಫಂಗಸ್. ನೆಗೆಟಿವ್ ಒಂದಕ್ಕೊಂದು ಅಂಟಿಕೊಂಡು ಹಾಳೆ ಆಗಿವೆ. ಸಿಡಿ ಬರೆದಿಟ್ಟದ್ದರಲ್ಲಿ ಅರ್ಧ ಓದುವುದೇ ಇಲ್ಲ. ಏಪ್ರಿಲ್ ಮೇ ಸಿಡಿಲಿಗೆ ಟಿವಿ, ಮೋಡೆಮ್ ಸುಟ್ಟದ್ದಕ್ಕೆ ಲೆಕ್ಕ ಇಲ್ಲ. ಅಂಥ ಮನೆಯಲ್ಲಿ ಹಾರ್ಡ್ ಡಿಸ್ಕ್ ಇಟ್ಟು ಧೈರ್ಯವಾಗಿರಿ ಅಂತೀರಲ್ಲ.

ಬಿಎಂರೋಡ್_ಸ್ಟುಡಿಯೋ

@ಕೊಪ್ಪದ_ಕಡೆ ಅಣ್ಣ, ಕಂಪ್ಯೂಟರಿಗೆ ಸದಾ ಸಿಕ್ಕಿಸಿಟ್ಟರೆ ಸಿಡಿಲಿಗೆ ಹೋಗುತ್ತೆ, ನಿಜ. ಕಾಪಿ ಆದ ತಕ್ಷಣ ತೆಗೆದು, ಮುಚ್ಚಳ ಬಿಗಿಯಾಗೋ ಪ್ಲಾಸ್ಟಿಕ್ ಡಬ್ಬಿಗೆ ಸಿಲಿಕಾ ಜೆಲ್ ಜೊತೆ ಹಾಕಿಡಿ. ಅಟ್ಟದ ಮೇಲೆ, ಹೊರಗೋಡೆಗೆ ಆನಿಸಿರೋ ಕಪಾಟಲ್ಲಿ ಬೇಡ. ಒಲೆ ಕಡೆಯ ಒಳಗೋಡೆ ಪಕ್ಕ ಥಂಡಿ ಕಡಿಮೆ. ಸಿಲಿಕಾ ಜೆಲ್ ಬಣ್ಣ ತಿರುಗಿದರೆ ಬಾಣಲೆಯಲ್ಲಿ ಸ್ವಲ್ಪ ಬಿಸಿ ಮಾಡಿದರೆ ಮತ್ತೆ ಬರುತ್ತೆ. ಆ ಬಾಣಲೆ ಅಡುಗೆಗೆ ಬೇಡ.

ಬೀರುವಿನಲ್ಲಿ ವರ್ಷಗಟ್ಟಲೆ ಇಡೋದಕ್ಕೆ ಎಸ್‌ಎಸ್‌ಡಿ (ತಿರುಗೋ ಭಾಗ ಇಲ್ಲದ, ಚಿಪ್‌ನ ಡಿಸ್ಕ್) ತಗೋಬೇಡಿ. ವೇಗ ಚೆನ್ನ, ಆದರೆ ಕರೆಂಟ್ ಕೊಡದೆ ಬಹಳ ಕಾಲ ಇಟ್ಟರೆ ಅದರಲ್ಲಿರೋ ಚಾರ್ಜ್ ಸೋರಿ ಡೇಟಾ ಹೋಗೋ ಸಾಧ್ಯತೆ ಇದೆ. ತಿರುಗೋ ಡಿಸ್ಕೇ ಸರಿ.

ಹಳೇಆಲ್ಬಮ್ (ಬೇಲೂರು)

ಯಾರೂ ಹೇಳದೆ ಇರೋ ಒಂದು ವಿಷಯ ಹೇಳ್ತೀನಿ. ಸ್ಕ್ಯಾನ್ ಮಾಡಿಸಿದವರು ದಯವಿಟ್ಟು ಪೂರ್ತಿ ಓದಿ.

ಫೋಟೋ ಉಳಿಯೋದು ಬೇರೆ, ಫೋಟೋದಲ್ಲಿ ಯಾರಿದ್ದಾರೆ ಅನ್ನೋದು ಉಳಿಯೋದು ಬೇರೆ. ಮೊಬೈಲ್‌ನಲ್ಲಿ ತೆಗೆದ ಫೋಟೋಗೆ ದಿನಾಂಕ, ಜಾಗ ಎಲ್ಲ ಫೈಲ್ ಒಳಗೇ ಬರೆದಿರುತ್ತೆ. ಹಳೇ ಪ್ರಿಂಟ್ ಸ್ಕ್ಯಾನ್ ಮಾಡಿದ್ರೆ ಒಳಗಿರೋದು ಸ್ಕ್ಯಾನ್ ಮಾಡಿದ ದಿನ. ಹಾಗಾಗಿ ನಾವು ಆಪ್ ಒಳಗೆ ಕೂತು ಸರಿ ಮಾಡ್ತೀವಿ. ನಮ್ಮ ಮನೆಯಲ್ಲಿ ಅತ್ತೆಯನ್ನ ಪಕ್ಕದಲ್ಲಿ ಕೂರಿಸ್ಕೊಂಡು ಬೇಲೂರು ತೇರಿನ ಹಳೇ ಫೋಟೋಗಳಿಗೆ ಇಸವಿ ಹಾಕಿದ್ವಿ, ಇವರು ಶಾನುಭೋಗರ ಮನೆಯವರು, ಇದು ಹಳೇ ಬಸ್ ಸ್ಟ್ಯಾಂಡು ಅಂತ ವಿವರಣೆ ಬರೆದ್ವಿ, ಮುಖಕ್ಕೆ ಹೆಸರು ಕೊಟ್ವಿ. ಆ ತಿಳಿವಳಿಕೆ ಇದ್ದದ್ದು ಅತ್ತೆ ಒಬ್ಬರಲ್ಲೇ.

ಈಗ ಗೂಗಲ್ ಟೇಕ್‌ಔಟ್ ಹಾಕಿ ಎಲ್ಲಾ ವಾಪಸ್ ತಗೊಳ್ಳಿ ನೋಡೋಣ. ಜಿಪ್ ಫೈಲ್‌ಗಳಾಗಿ ತುಂಡು ತುಂಡು ಬರುತ್ತೆ, ಡೌನ್‌ಲೋಡ್ ಲಿಂಕ್ ಒಂದು ವಾರ ಇರುತ್ತೆ (ಚಾರ್ಮಾಡಿ ಅವರ 2 ಎಂಬಿಪಿಎಸ್‌ಗೆ ಒಂದು ವಾರ ಸಾಕಾಗುತ್ತಾ ಲೆಕ್ಕ ಹಾಕಿ). ಬಿಚ್ಚಿದರೆ, ನಾವು ಹಾಕಿದ ಇಸವಿ, ವಿವರಣೆ ಯಾವುದೂ ಫೋಟೋ ಒಳಗಿಲ್ಲ. ಪ್ರತಿ ಫೋಟೋ ಪಕ್ಕ ಜೇಸನ್ ಅನ್ನೋ ಪುಟ್ಟ ಫೈಲ್ ಇರುತ್ತೆ, ಅದರೊಳಗಿದೆ. ಕಂಪ್ಯೂಟರಲ್ಲಿ ತೆರೆದರೆ 1974ರ ತೇರು ಈ ವರ್ಷದ ಫೋಟೋಗಳ ಮಧ್ಯ ನಿಂತಿರುತ್ತೆ. ಎಕ್ಸಿಫ್‌ಟೂಲ್ ಅನ್ನೋ ಉಚಿತ ತಂತ್ರಾಂಶದಿಂದ ಜೇಸನ್‌ನಲ್ಲಿರೋದನ್ನ ಫೋಟೋ ಒಳಗೆ ಬರೆಸಬಹುದು. ನನ್ನ ಅಳಿಯ ಮಾಡಿಕೊಟ್ಟ, ನನಗೆ ಆಗುವ ಕೆಲಸವಲ್ಲ. ಉದ್ದ ಹೆಸರಿನ ಫೈಲ್‌ಗಳಲ್ಲಿ ಜೇಸನ್ ಹೆಸರು ಮಧ್ಯ ಕತ್ತರಿಸಿ ಜೋಡಿ ತಪ್ಪುತ್ತೆ, ಕನ್ನಡದಲ್ಲಿ ಹೆಸರಿಟ್ಟಿದ್ದವು ಅಂತೂ ಕೈಯಲ್ಲೇ ಹುಡುಕಬೇಕಾಯ್ತು.

ಈಗ ನಾನು ಫೈಲಿನ ಹೆಸರಲ್ಲೇ ಬರೀತೀನಿ, ಚಿಕ್ಕದಾಗಿ. ಇಸವಿ, ಊರು, ಸಂದರ್ಭ: 1974_ಬೇಲೂರು_ತೇರು_03. ಫೋಲ್ಡರ್ ಒಳಗೆ ಒಂದು ಸಾದಾ ಟೆಕ್ಸ್ಟ್ ಫೈಲು, ಎಡದಿಂದ ಬಲಕ್ಕೆ ಯಾರ್ಯಾರು ಅಂತ. ಯಾವ ಕಂಪನಿ ಬಂದರೂ ಹೋದರೂ ಆ ಟೆಕ್ಸ್ಟ್ ಫೈಲ್ ತೆರೆಯುತ್ತೆ. ಮತ್ತೆ ಮೂಲ ಪ್ರಿಂಟ್ ಹಿಂದೆ ಪೆನ್ಸಿಲ್‌ನಲ್ಲಿ ಬರೆದಿರೋದನ್ನೂ ಸ್ಕ್ಯಾನ್ ಮಾಡಿಸಿ. ಸ್ಟುಡಿಯೋದವರು ಮುಂದಿನದ್ದು ಮಾತ್ರ ಮಾಡ್ತಾರೆ, ಕೇಳಿದರೆ ಮಾತ್ರ ತಿರುಗಿಸ್ತಾರೆ.

ಬಿಎಂರೋಡ್_ಸ್ಟುಡಿಯೋ

ಅಮ್ಮಾ, ನಾವು ಕೇಳದೆಯೂ ತಿರುಗಿಸ್ತೀವಿ 😀

ಸುಮ್ನಿರಪ್ಪ

ಒಪ್ಕೊಂಡೆ, ಜೇಸನ್ ವಿಷಯ ಗೊತ್ತಿರಲಿಲ್ಲ. ಆದರೂ ಕೇಳ್ತೀನಿ. ನೀವೆಲ್ಲ ಕಂಪ್ಯೂಟರ್ ಗೊತ್ತಿರೋರು. ನಮ್ಮಪ್ಪನಿಗೆ ಫೋನ್ ಕಳೆದುಹೋದರೂ ಫೋಟೋ ಇರಬೇಕು, ಅವರೇನೂ ಮಾಡಬಾರದು. ಕ್ಲೌಡ್ ಅಷ್ಟನ್ನ ಮಾಡುತ್ತೆ. ಡಿಸ್ಕ್ ತಗೋ, ಡಬ್ಬಿಗೆ ಹಾಕು, ಜೆಲ್ ಹುರಿ ಅಂದ್ರೆ ಯಾರು ಮಾಡ್ತಾರೆ?

ರತ್ನಗಿರಿಬೋರೆ

ನ್ಯಾಯವಾದ ಪ್ರಶ್ನೆ. ಇಂದಿನ ಫೋನ್ ಫೋಟೋಗೆ ಕ್ಲೌಡ್ ಬಳಸಿ, ನಾನೂ ಬಳಸ್ತೀನಿ. ನನ್ನ ತಕರಾರು "ಡಿಸ್ಕ್ ಗುಜರಿಗೆ ಕೊಡಿ" ಅನ್ನೋ ಮಾತಿನ ಮೇಲೆ. ಮತ್ತೆ ಆಪ್‌ನಲ್ಲಿ "ಜಾಗ ಖಾಲಿ ಮಾಡಿ" ಅನ್ನೋ ಬಟನ್ ಇದೆಯಲ್ಲ, ಅದನ್ನ ಒತ್ತಿದ ಕ್ಷಣದಿಂದ ನಿಮ್ಮ ಫೋನಿನ ಮೂಲ ಪ್ರತಿ ಇಲ್ಲ, ಮೇಲಿನದೊಂದೇ. ಒತ್ತೋ ಮುಂಚೆ ಒಂದ್ಸಲ ಡಿಸ್ಕ್‌ಗೆ ಇಳಿಸಿ. ಅಪ್ಪ ಮಾಡಬೇಕಿಲ್ಲ, ಹಬ್ಬಕ್ಕೆ ಊರಿಗೆ ಹೋದಾಗ ನೀವು ಮಾಡಿ.

ಇನ್ನೊಂದು ಹೇಳಬೇಕಿತ್ತು. ಕೆಲವರು ಆಪ್ ಬದಲು ಹೊರಗಿನ ತಂತ್ರಾಂಶಗಳಿಂದ ಗೂಗಲ್ ಫೋಟೋಸನ್ನ ತಾನಾಗಿ ಕೆಳಗೆ ಇಳಿಸಿಕೊಳ್ತಿದ್ದರು, ಆರ್‌ಕ್ಲೋನ್ ಥರದವು. 2025ರ ಮಾರ್ಚ್ 31ರಿಂದ ಗೂಗಲ್ ಆ ದಾರಿ ಮುಚ್ಚಿದೆ. ಆ ತಂತ್ರಾಂಶ ತಾನೇ ಮೇಲೆ ಹಾಕಿದ ಫೋಟೋ ಬಿಟ್ಟು ಬೇರೇನೂ ಅದಕ್ಕೆ ಕಾಣಲ್ಲ. ಒಳಗೆ ಹಾಕೋಕೆ ಹೆದ್ದಾರಿ, ಹೊರಗೆ ತರೋಕೆ ಕಾಲುದಾರಿ. ಯಾರದ್ದೋ ದುರುದ್ದೇಶ ಅಂತ ಹೇಳ್ತಿಲ್ಲ, ನಿಯಮ ಬರೆಯೋರು ನಾವಲ್ಲ ಅಷ್ಟೆ. ಫ್ಲಿಕರ್ ಅನ್ನೋ ಫೋಟೋ ಸೈಟು 2013ರಲ್ಲಿ 1 ಟಿಬಿ ಉಚಿತ ಕೊಟ್ಟಿತ್ತು, 2018ರಲ್ಲಿ ಮಾಲೀಕರು ಬದಲಾದರು, 2019ರಲ್ಲಿ ಉಚಿತದವರಿಗೆ 1,000 ಫೋಟೋ ಮಿತಿ ಬಂತು, ಮಿಕ್ಕಿದ್ದು ಅಳಿಸೋಕೆ ಶುರು. ಅಮೆಜಾನ್ ಡ್ರೈವ್ 2023ರ ಡಿಸೆಂಬರ್ 31ಕ್ಕೆ ಮುಚ್ಚಿತು. ಆರ್ಕುಟ್ ನೆನಪಿದೆಯಾ? 2014ರ ಸೆಪ್ಟೆಂಬರ್ 30ಕ್ಕೆ ಮುಚ್ಚಿತು. ನಮ್ಮ ಕಾಲೇಜಿನ ಟ್ರಿಪ್ ಫೋಟೋ ಎಷ್ಟೋ ಜನರದ್ದು ಅಲ್ಲೇ ಇತ್ತು.

ಟೀಚರಮ್ಮ

ನಾನು ಬರೆಯೋಣವೋ ಬೇಡವೋ ಅಂತಿದ್ದೆ. ನಮ್ಮ ಭಾವ ತೀರಿಕೊಂಡಾಗ ಅವರ ಅಕೌಂಟಿನಲ್ಲೇ ಎಲ್ಲ ಇತ್ತು. ಅಕ್ಕನಿಗೆ ಪಾಸ್‌ವರ್ಡ್ ಗೊತ್ತಿತ್ತು, ಪುಸ್ತಕದಲ್ಲಿ ಬರೆದಿಟ್ಟಿದ್ದರು. ಹೊಸ ಫೋನಿನಲ್ಲಿ ಹಾಕಿದರೆ ಓಟಿಪಿ ಕೇಳಿತು. ಓಟಿಪಿ ಹೋಗೋದು ಭಾವನ ನಂಬರಿಗೆ. ಆ ಸಿಮ್‌ಗೆ ರೀಚಾರ್ಜ್ ಯಾರು ಮಾಡಿಸಿರ್ತಾರೆ ಹೇಳಿ? ನಂಬರ್ ನಿಂತು, ಬೇರೆ ಯಾರಿಗೋ ಹೋಗಿತ್ತು. ಆ ಕಂಪನಿಗೆ ಮರಣ ಪ್ರಮಾಣಪತ್ರ ಇಂಗ್ಲಿಷಿಗೆ ಮಾಡಿಸಿ ಕಳಿಸಿದ್ವಿ, ಬಂದದ್ದು ಯಂತ್ರದ ಉತ್ತರ. ಫೋಟೋ ಇದೆ, ಎಲ್ಲೋ ಇದೆ, ನಮಗಿಲ್ಲ.

ಅದರ ನಂತರ ನಾನು ತಿಳಿದುಕೊಂಡದ್ದು: ಗೂಗಲ್‌ನಲ್ಲಿ ನಿಷ್ಕ್ರಿಯ ಖಾತೆಯ ವ್ಯವಸ್ಥೆ ಅಂತ 2013ರಿಂದಲೇ ಇದೆ. ಇಷ್ಟು ತಿಂಗಳು ನಾನು ಬರದಿದ್ದರೆ ಇಂಥವರಿಗೆ ಕೊಡಿ ಅಂತ ಮೊದಲೇ ಹೇಳಿಡಬಹುದು. ಆಪಲ್‌ನಲ್ಲಿ 2021ರ ಡಿಸೆಂಬರ್‌ನಿಂದ ಲೆಗಸಿ ಕಾಂಟ್ಯಾಕ್ಟ್ ಇದೆ, ನಮ್ಮ ನಂತರ ಖಾತೆ ತೆರೆಯೋರು ಯಾರು ಅಂತ ಹೇಳಿಡೋದು. ಬದುಕಿರುವಾಗಲೇ ಹಾಕಿಡಬೇಕು, ಆಮೇಲೆ ಇಲ್ಲ. 2023ರ ದತ್ತಾಂಶ ರಕ್ಷಣಾ ಕಾಯ್ದೆಯಲ್ಲಿ ನಾಮಿನಿ ನೇಮಿಸುವ ಹಕ್ಕು ಅಂತ ಒಂದು ಕಲಮೇ ಇದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಬಂದಿವೆ, ಜಾರಿ ಮಾತ್ರ ಹಂತ ಹಂತವಾಗಿ. ಬ್ಯಾಂಕಿಗೆ ನಾಮಿನಿ ಹಾಕ್ತೀವಿ, ಎಲ್ಐಸಿಗೆ ಹಾಕ್ತೀವಿ. ಇದಕ್ಕೆ ಯಾರೂ ಕೇಳೋದೇ ಇಲ್ಲ.

ಇನ್ನೂ ಒಂದು ಮಾತು. ಗೂಗಲ್ ಎರಡು ವರ್ಷ ಬಳಸದ ವೈಯಕ್ತಿಕ ಅಕೌಂಟ್ ಅಳಿಸಬಹುದು ಅಂತ 2023ರಲ್ಲಿ ನಿಯಮ ಮಾಡಿ, ಆ ಡಿಸೆಂಬರ್‌ನಿಂದ ಶುರು ಮಾಡಿದೆ. ಫೋಟೋ ಇಡೋಕಂತಲೇ ಬೇರೆ ಅಕೌಂಟ್ ಮಾಡಿ ಮರೆತವರು ಒಮ್ಮೆ ಒಳಗೆ ಹೋಗಿ ಬನ್ನಿ.

ಹೇಮಾವತಿ_ದಂಡೆ

ಟೀಚರಮ್ಮ, ಓದಿ ಬಹಳ ಬೇಜಾರಾಯ್ತು. ನಾವೂ ಅಣ್ಣನೊಬ್ಬನ ಹೆಸರಲ್ಲಿ, ಅವನೊಬ್ಬನ ನಂಬರಿಗೆ ಕಟ್ಟಿಹಾಕೋಕೆ ಹೊರಟಿದ್ವಿ.

ಅವನ ಕಾರ್ಡಿನ ವಿಷಯವೂ ಕೇಳಬೇಕಿತ್ತು. ಕಾರ್ಡ್ ಬದಲಾದರೆ ಏನಾಗುತ್ತೆ?

ರತ್ನಗಿರಿಬೋರೆ

ಆಟೋ ಡೆಬಿಟ್ ಒಪ್ಪಿಗೆ ಆ ಕಾರ್ಡಿಗೆ ಅಂಟಿರುತ್ತೆ. ರಿಸರ್ವ್ ಬ್ಯಾಂಕಿನ ಹೊಸ ನಿಯಮ 2021ರ ಅಕ್ಟೋಬರ್‌ನಲ್ಲಿ ಬಂದಾಗ ಎಷ್ಟೋ ಜನರ ಚಂದಾ ಹಾಗೇ ನಿಂತಿತ್ತು. ಈಗಲೂ ಕಾರ್ಡಿನ ಅವಧಿ ಮುಗಿದರೆ ಮತ್ತೆ ಒಪ್ಪಿಗೆ ಕೊಡಬೇಕು. ಕೊಡದೆ ಇದ್ದರೆ ಪ್ಲಾನ್ ಇಳಿಯುತ್ತೆ, ಆದರೆ ತಕ್ಷಣ ಏನೂ ಅಳಿಸಲ್ಲ, ಹೊಸದು ಹೋಗಲ್ಲ ಅಷ್ಟೆ. ಗೂಗಲ್‌ನಲ್ಲಿ ಮಿತಿ ಮೀರಿ ಎರಡು ವರ್ಷ ಹಾಗೇ ಬಿಟ್ಟರೆ ಅಳಿಸಬಹುದು. ನೋಟಿಸ್ ಮೇಲ್‌ನಲ್ಲಿ ಬರುತ್ತೆ, ಮೇಲ್ ನೋಡೋರಿರಬೇಕು.

ಮತ್ತೆ ನಿಮ್ಮ 300 ಜಿಬಿ ಸ್ವಲ್ಪ ಫಜೀತಿಯ ಅಳತೆ. ಗೂಗಲ್‌ನಲ್ಲೂ ಆಪಲ್‌ನಲ್ಲೂ 200 ಜಿಬಿ ಆದ ಮೇಲಿನ ಮೆಟ್ಟಿಲು ನೇರ 2 ಟಿಬಿ. ನೂರು ಜಿಬಿ ಹೆಚ್ಚಿಗೆ ಬೇಕಾದರೆ ಅಷ್ಟಕ್ಕೂ ಬಾಡಿಗೆ, ವರ್ಷ ವರ್ಷ, ನಿಲ್ಲಿಸುವ ಹಾಗಿಲ್ಲ.

ಚಾರ್ಮಾಡಿ_ಮೋಡ

ಇನ್ನೊಂದು ಭಯ ಇದೆ, ಎಲ್ಲರೂ ಮಾತಾಡಲ್ಲ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಒಬ್ಬ ತಂದೆ ಮಗುವಿಗೆ ಆದ ಸೋಂಕನ್ನ ಡಾಕ್ಟರಿಗೆ ತೋರಿಸೋಕೆ ಫೋಟೋ ತೆಗೆದ. ಗೂಗಲ್‌ನ ಯಂತ್ರ ಅದನ್ನ ಮಕ್ಕಳ ಮೇಲಿನ ದೌರ್ಜನ್ಯದ ಚಿತ್ರ ಅಂತ ಗುರುತು ಹಾಕಿ ಅಕೌಂಟ್ ಮುಚ್ಚಿತು. ಪೊಲೀಸರು ತನಿಖೆ ಮಾಡಿ ಏನೂ ಅಪರಾಧವಿಲ್ಲ ಅಂದ ಮೇಲೂ ಅಕೌಂಟ್ ವಾಪಸ್ ಬರಲಿಲ್ಲ. ಮೇಲ್, ಫೋಟೋ, ಫೋನ್ ನಂಬರ್ ಎಲ್ಲ ಹೋಯ್ತು. 2022ರಲ್ಲಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬಂದಿತ್ತು. ನಮ್ಮಲ್ಲಿ ಬಾಣಂತನದ ಆಲ್ಬಮ್ ಅಂದರೆ ಕಾಲ ಮೇಲೆ ಮಗು ಮಲಗಿಸಿ ಎಣ್ಣೆ ಹಚ್ಚಿ ನೀರು ಹಾಕೋ ಅಜ್ಜಿಯ ಫೋಟೋ ಇಲ್ಲದ ಮನೆ ಇಲ್ಲ. ಯಂತ್ರಕ್ಕೆ ಅಜ್ಜಿ ಗೊತ್ತಿಲ್ಲವಲ್ಲ. ಆ ಥರದವನ್ನ ನಾವು ಮೇಲೆ ಕಳಿಸೋದೇ ನಿಲ್ಲಿಸಿದೀವಿ.

ಕೊಪ್ಪದ_ಕಡೆ

ಮನೆಯಲ್ಲೇ ಸರ್ವರ್ ಮಾಡಿ ಇಮ್ಮಿಚ್ ಅನ್ನೋ ಫೋಟೋ ತಂತ್ರಾಂಶ ಹಾಕಿ ಅಂತ ನಮ್ಮ ಹುಡುಗ ಹೇಳ್ತಾ ಇದ್ದ. ನೋಡಲಿಕ್ಕೆ ಗೂಗಲ್ ಫೋಟೋಸ್ ಹಾಗೇ ಉಂಟು, ಮುಖವನ್ನೂ ಗುರುತಿಸ್ತದೆ.

ರತ್ನಗಿರಿಬೋರೆ

ಚೆನ್ನಾಗಿದೆ, ನಾನು ಹಾಕ್ಕೊಂಡಿದೀನಿ. ಆದರೆ ಹುಡುಗ ಊರು ಬಿಟ್ಟರೆ ಅಪ್‌ಡೇಟ್ ಯಾರು ಮಾಡ್ತಾರೆ, ಯುಪಿಎಸ್ ಬ್ಯಾಟರಿ ಯಾರು ಬದಲಿಸ್ತಾರೆ? ಅದೂ ಒಂದೇ ಪ್ರತಿ ತಾನೆ, ಅದಕ್ಕೂ ಬ್ಯಾಕಪ್ ಬೇಕು. ಹವ್ಯಾಸ ಇದ್ದವರಿಗೆ ಸರಿ. ಮಿಕ್ಕವರಿಗೆ ಎರಡು ಡಿಸ್ಕ್ ಸಾಕು ಅಂತ ನನ್ನ ಅಭಿಪ್ರಾಯ.

ಹೇಮಾವತಿ_ದಂಡೆ

ಅಣ್ಣನ ಜೊತೆ ಮಾತಾಡಿದೆ. ಯೂನಿಸೂಪರ್ ಕಥೆ ಕೇಳಿ ಒಂದು ನಿಮಿಷ ಸುಮ್ಮನಾದ, ಆಮೇಲೆ "ಆಯ್ತು ಬಿಡು" ಅಂದ. ಈಗ ಹೀಗೆ ಅಂದ್ಕೊಂಡಿದೀವಿ: ಎರಡು ಹೊಸ ಡಿಸ್ಕ್, ಬೇರೆ ಬೇರೆ ಕಂಪನಿಯವು. ಒಂದು ಹಾಸನದಲ್ಲಿ ನಮ್ಮ ಮನೆಯಲ್ಲಿ, ಇನ್ನೊಂದು ಚಿಕ್ಕಮಗಳೂರಿನಲ್ಲಿ ಅತ್ತೆ ಮನೆಯಲ್ಲಿ. ಮೇಲಕ್ಕೆ ಆಯ್ದ ಫೋಟೋ ಮಾತ್ರ, 200 ಜಿಬಿ ಒಳಗೆ, ಟಿವಿಯಲ್ಲಿ ಅಮ್ಮ ನೋಡೋಕೆ. ಅಕೌಂಟಿಗೆ ನಾಮಿನಿ ನಾನು. ಅಣ್ಣನ ಸಿಮ್ ಜೊತೆ ನನ್ನ ನಂಬರೂ ರಿಕವರಿಗೆ.

ಡಿಸ್ಕ್ ಎಷ್ಟು ದಿನಕ್ಕೊಮ್ಮೆ ತೆಗೆದು ನೋಡಬೇಕು?

ಹಳೇಆಲ್ಬಮ್

ವರ್ಷಕ್ಕೊಮ್ಮೆಯಾದರೂ. ಹಾಸನದವರಿಗೆ ತಾರೀಖು ನೆನಪಿಡೋ ಕಷ್ಟವಿಲ್ಲ, ಹಾಸನಾಂಬೆ ಬಾಗಿಲು ತೆಗೆಯೋ ವಾರ ಇಟ್ಟುಕೊಳ್ಳಿ. ಆಶ್ವಯುಜಕ್ಕೆ ಮಳೆ ಮುಗಿದು ಥಂಡಿಯೂ ಕಡಿಮೆಯಾಗಿರುತ್ತೆ, ಚಿಕ್ಕಮಗಳೂರಿನ ಅತ್ತೆಯೂ ದರ್ಶನಕ್ಕೆ ಬಂದೇ ಬರ್ತಾರೆ, ಬರೋವಾಗ ಡಿಸ್ಕ್ ತರಲಿ. ಎರಡೂ ಪಕ್ಕ ಪಕ್ಕ ಹಾಕಿ ಹೊಸದನ್ನ ಸೇರಿಸಿ, ಅಲ್ಲೊಂದು ಇಲ್ಲೊಂದು ವಿಡಿಯೊ ಪೂರ್ತಿ ಓಡಿಸಿ ನೋಡಿ. ಫೋಲ್ಡರ್ ಕಾಣ್ತಿದೆ ಅಂದ ಮಾತ್ರಕ್ಕೆ ಫೈಲ್ ಸರಿಯಿದೆ ಅಂತಲ್ಲ.

ಸುಮ್ನಿರಪ್ಪ

ಹಾಸನಾಂಬೆ ಕ್ಯೂನಲ್ಲಿ ಡಿಸ್ಕ್ ಹಿಡ್ಕೊಂಡು ನಿಲ್ಲಬೇಡಿ ಅಷ್ಟೆ. ನೂಕುನುಗ್ಗಲಲ್ಲಿ ಒಡೆದೀತು.

ನಾನೂ ಒಂದು ತಗೋತೀನಿ. ಅಪ್ಪನದ್ದು 60 ಜಿಬಿ ಇದೆಯಂತೆ, ಇವತ್ತು ನೋಡಿದೆ.

ಬಿಎಂರೋಡ್_ಸ್ಟುಡಿಯೋ

ಹೊಸ ಡಿಸ್ಕ್‌ನ ಎಕ್ಸ್‌ಫ್ಯಾಟ್ ಅನ್ನೋ ಮಾದರಿಗೆ ಫಾರ್ಮ್ಯಾಟ್ ಮಾಡ್ಕೊಳ್ಳಿ, ಆಗ ವಿಂಡೋಸ್‌ಗೂ ಮ್ಯಾಕ್‌ಗೂ ನಡೆಯುತ್ತೆ. ಅಣ್ಣನ ಲ್ಯಾಪ್‌ಟಾಪ್ ಯಾವುದೋ ನಿಮ್ಮದು ಯಾವುದೋ. ಕೇಬಲ್ ಡಿಸ್ಕ್ ಜೊತೆ ಅದೇ ಡಬ್ಬಿಯಲ್ಲೇ ಇಡಿ.

ಹೇಮಾವತಿ ಅವರೇ, ಆ ಮಿನಿ ಡಿವಿ ಕ್ಯಾಸೆಟ್‌ಗಳನ್ನ ಎಸೆದಿಲ್ಲ ತಾನೆ? ಎಸೀಬೇಡಿ. ಆಗ ಯಾರು ಕನ್ವರ್ಟ್ ಮಾಡಿದರೋ, ಸುಮಾರು ಜನ ಡಿವಿಡಿ ಗುಣಮಟ್ಟಕ್ಕೆ ಇಳಿಸಿ ಕೊಡ್ತಿದ್ದರು. ನಿಮ್ಮ ಫೈಲ್ ಗಂಟೆಗೆ 13 ಜಿಬಿ ಇದೆಯಾ, 2 ಜಿಬಿ ಇದೆಯಾ ನೋಡಿ ಹೇಳಿ. 2 ಆದರೆ ಮತ್ತೆ ಇಳಿಸೋದು ಒಳ್ಳೇದು, ಕ್ಯಾಸೆಟ್ ಓಡೋ ಕ್ಯಾಮೆರಾ ನನ್ನ ಹತ್ರ ಇನ್ನೂ ಒಂದು ಇದೆ.

ಹೇಮಾವತಿ_ದಂಡೆ

ನೋಡಿದೆ ಸಾರ್. 2 ಜಿಬಿಗಿಂತ ಸ್ವಲ್ಪ ಜಾಸ್ತಿ ಇದೆ. ಕ್ಯಾಸೆಟ್ ದೊಡ್ಡಮ್ಮನ ಮನೆ ಟ್ರಂಕಲ್ಲಿದೆಯಂತೆ, ಭಾನುವಾರ ತರಲಾ?

ಬಿಎಂರೋಡ್_ಸ್ಟುಡಿಯೋ

ಭಾನುವಾರ ಮುಹೂರ್ತ ಇದೆ, ಚನ್ನರಾಯಪಟ್ಟಣಕ್ಕೆ ಹೋಗ್ತೀನಿ. ಸೋಮವಾರ ಹತ್ತು ಗಂಟೆ ಮೇಲೆ ಬನ್ನಿ. ಬೂಷ್ಟು ಕಂಡರೆ ಯಾವ ಮಷಿನ್‌ಗೂ ಹಾಕಿ ನೋಡಬೇಡಿ, ಹಾಗೇ ತನ್ನಿ.